ಕಾರವಾರದ ಕಡಲು ನೀರುಮಜ್ಜಿಗೆ ಆದಾಗ: ಸಿಮ್ಯುಲೇಟರ್ ಸ್ಕ್ರೀನ್‌ಶಾಟ್‌ನಲ್ಲಿ ತಪ್ಪು ಹುಡುಕುವ ಬಗೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ತೆರೆದು, ಗೋವಾದ ದಾಬೋಳಿ ವಿಮಾನ ನಿಲ್ದಾಣದಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನ ಹಾರಿಸಿಕೊಂಡು, ಕಡಲನ್ನು ಬಲಕ್ಕೆ ಇಟ್ಟುಕೊಂಡು ದಕ್ಷಿಣಕ್ಕೆ ಬಂದರೆ 20–25 ನಿಮಿಷದಲ್ಲಿ ಕಾಳಿ ನದಿಯ ಅಳಿವೆ ಕಾಣುತ್ತದೆ. ಎಡಕ್ಕೆ ಸದಾಶಿವಗಡದ ಗುಡ್ಡ, ಎದುರಿಗೆ ಸೇತುವೆ, ಬಲಕ್ಕೆ ಕೂರ್ಮಗಡ ದ್ವೀಪ. ಅವತ್ತು ಸಿಮ್ಯುಲೇಟರಿನಲ್ಲಿ ಸೂರ್ಯ ಇನ್ನೇನು ಮುಳುಗುವ ಹೊತ್ತು. ಪರದೆ ಮೇಲೆ ಎಷ್ಟು ಚೆಂದ ಇತ್ತು ಎಂದರೆ ಕೈ ತಾನಾಗಿಯೇ ಪ್ರಿಂಟ್ ಸ್ಕ್ರೀನ್ ಒತ್ತಿತು. ಫೈಲ್ ತೆರೆದು ನೋಡಿದರೆ ಕಡಲು ನೀರುಮಜ್ಜಿಗೆ, ಮೋಡ ಸುಣ್ಣ ಬಳಿದ ಗೋಡೆ.

ಮೂರು ರಾತ್ರಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕರ್ವ್ಸ್ ಎಳೆದೆ, ಅಂದರೆ ಹೊಳಪಿನ ಗೆರೆ ಬಗ್ಗಿಸಿದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದೆ, ಇಳಿಸಿದೆ, ಮತ್ತೆ ಏರಿಸಿದೆ. ಕೊನೆಗೆ ಶಿರಸಿಯ ಭಾವನಿಗೆ ಕಳಿಸಿದೆ. "ಎಂತದಾ ಇದು ಮಾರಾಯಾ, ಜೋರು ಮಳೇಲಿ ತೆಗೆದಿದ್ದಾ?" ಎಂದ. ತಪ್ಪು ಗಿಂಪ್‌ನಲ್ಲಿ ಇರಲೇ ಇಲ್ಲ ಅಂತ ಗೊತ್ತಾಗಿದ್ದು ನಾಲ್ಕನೇ ದಿನ. ಆ ಮೂರು ರಾತ್ರಿ ನಿಮಗೂ ಹಾಳಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಡಿಟರ್ ಮುಚ್ಚಿ

ಒಂದು ಸ್ಕ್ರೀನ್‌ಶಾಟ್ ನಾಲ್ಕು ಕಡೆ ಕೆಡಬಹುದು. ಸಿಮ್ಯುಲೇಟರ್ ಬಿಡಿಸುವಾಗ, ನೀವು ಅದನ್ನು ಹಿಡಿಯುವಾಗ, ಎಡಿಟ್ ಮಾಡುವಾಗ, ಆಮೇಲೆ ಯಾರಿಗಾದರೂ ಕಳಿಸುವಾಗ. ನಮಗೆ ತಪ್ಪು ಕಣ್ಣಿಗೆ ಬೀಳುವುದು ಎಡಿಟ್ ಮಾಡುವಾಗ. ಹಾಗಾಗಿ ಅದು ಅಲ್ಲಿಯೇ ಹುಟ್ಟಿದ್ದು ಅಂತ ಅಂದುಕೊಳ್ಳುತ್ತೇವೆ. ನಲ್ಲಿಯಲ್ಲಿ ಕೆಂಪು ನೀರು ಬಂದರೆ ನಲ್ಲಿ ಬದಲಾಯಿಸುತ್ತೇವಾ? ಮೊದಲು ಟಾಕಿ ನೋಡುತ್ತೇವೆ, ಅಲ್ವಾ.

ನಾನು ಈಗ ಮಾಡುವುದು ಇಷ್ಟೇ. ಕೈ ಹಚ್ಚದ ಮೂಲ ಫೈಲನ್ನು ಕಂಪ್ಯೂಟರಿನಲ್ಲಿ 100 ಪರ್ಸೆಂಟ್ ಗಾತ್ರಕ್ಕೆ ತೆರೆಯುತ್ತೇನೆ. ಅದೇ ಫೈಲನ್ನು ಯುಎಸ್‌ಬಿ ಕೇಬಲ್ ಹಾಕಿ ಫೋನಿಗೆ ನಕಲು ಮಾಡಿ ಅಲ್ಲೂ ನೋಡುತ್ತೇನೆ. ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದರೆ ಪರೀಕ್ಷೆಯೇ ಕೆಟ್ಟಂತೆ, ಯಾಕೆ ಎಂಬುದು ಮುಂದೆ ಬರುತ್ತದೆ. ಎರಡೂ ಕಡೆ ತಪ್ಪು ಕಂಡರೆ ಅದು ಫೈಲಿನಲ್ಲೇ ಇದೆ. ಒಂದರಲ್ಲಿ ಮಾತ್ರ ಕಂಡರೆ ತಪ್ಪು ಪರದೆಯದು, ಫೈಲಿಗೆ ಮದ್ದು ಮಾಡಿ ಪ್ರಯೋಜನ ಇಲ್ಲ. ಎರಡೂ ಕಡೆ ಚೆನ್ನಾಗಿದ್ದು ಭಾವನ ಫೋನಿನಲ್ಲಿ ಮಾತ್ರ ಹಾಳಾಗಿದ್ದರೆ ಕಳಿಸುವಾಗ ಕೆಟ್ಟಿದೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು.

ಇನ್ನೊಂದು ಮಾತು. ಮೂಲ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿಟ್ಟು ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಗಿಂಪ್‌ನ ಎಕ್ಸ್‌ಸಿಎಫ್ ಫೈಲಾಗಿ ಆಗಾಗ ಸೇವ್ ಮಾಡುವ ಚಾಳಿ ಇಟ್ಟುಕೊಳ್ಳಿ.

ಬಣ್ಣ ಮಾಸಿದೆ, ಬಿಳಿ ಉರಿದಿದೆ

ನನ್ನ ಮಜ್ಜಿಗೆ ಕಡಲಿನ ಕಾರಣ ಎಚ್‌ಡಿಆರ್, ಅಂದರೆ ಪರದೆಯಲ್ಲಿ ಮಾಮೂಲಿಗಿಂತ ಹೆಚ್ಚು ಹೊಳಪು ತೋರಿಸುವ ವ್ಯವಸ್ಥೆ. ಹೊಸ ಮಾನಿಟರ್ ತಂದ ಮೇಲೆ ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ್ದೆ, ಮಾಡಿದ್ದು ಮರೆತೂ ಹೋಗಿತ್ತು. ಎಚ್‌ಡಿಆರ್‌ನಲ್ಲಿ ಹೊಳಪಿನ ಲೆಕ್ಕವೇ ಬೇರೆ. ಅದನ್ನು ಮಾಮೂಲಿ 8 ಬಿಟ್ ಚಿತ್ರಕ್ಕೆ ಇಳಿಸುವಾಗ ಲೆಕ್ಕ ತಪ್ಪಿದರೆ ಒಂದೋ ಎಲ್ಲ ಬಣ್ಣ ಬೂದಿಯಾಗುತ್ತದೆ, ಇಲ್ಲವೋ ಬೆಳಕಿನ ಜಾಗವೆಲ್ಲ ಒಂದೇ ಬಿಳಿಯಾಗಿ ಅಂಟಿಕೊಳ್ಳುತ್ತದೆ. ನನ್ನ ಚಿತ್ರದಲ್ಲಿ ಎರಡೂ ಆಗಿತ್ತು.

ಗುರುತು ಹಿಡಿಯುವುದು ಸುಲಭ. ವಿಂಡೋಸ್‌ನ ಗೇಮ್ ಬಾರ್‌ನಿಂದ, ಅಂದರೆ ವಿಂಡೋಸ್, ಆಲ್ಟ್, ಪ್ರಿಂಟ್ ಸ್ಕ್ರೀನ್ ಮೂರೂ ಒತ್ತಿ ಚಿತ್ರ ಹಿಡಿದು, ವಿಡಿಯೋಸ್ ಫೋಲ್ಡರಿನ ಒಳಗಿರುವ ಕ್ಯಾಪ್ಚರ್ಸ್ ಫೋಲ್ಡರ್ ನೋಡಿ. ಪಿಎನ್‌ಜಿ ಜೊತೆಗೆ ಜೆಎಕ್ಸ್‌ಆರ್ ಎಂಬ ಇನ್ನೊಂದು ಫೈಲ್ ಕೂತಿದ್ದರೆ ಎಚ್‌ಡಿಆರ್ ಆನ್ ಇದೆ ಅಂತಲೇ ಅರ್ಥ. ಎರಡನೇ ಗುರುತು ಕಲರ್ ಪಿಕ್ಕರ್, ಇಟ್ಟ ಜಾಗದ ಬಣ್ಣವನ್ನು ಅಂಕಿಯಲ್ಲಿ ಹೇಳುವ ಸಾಧನ. ಕಾಕ್‌ಪಿಟ್‌ನಲ್ಲಿ ಪೆಡಲ್ ಹತ್ತಿರದ ಕತ್ತಲಿನ ಮೇಲೆ ಇಟ್ಟು ನೋಡಿ. 0 (ಕಪ್ಪು) ರಿಂದ 255ರ (ಬಿಳಿ) ಲೆಕ್ಕದಲ್ಲಿ ಅಲ್ಲಿ 10ರ ಆಸುಪಾಸು ಬರಬೇಕು. ನನಗೆ 40ರ ಮೇಲೆ ಬಂತು. ಮೋಡದ ಮೇಲೆ ಇಟ್ಟರೆ ಎಲ್ಲಿ ನೋಡಿದರೂ 255, 255, 255.

ಈ ಎರಡು ತಪ್ಪಿಗೆ ಮದ್ದು ಬೇರೆ ಬೇರೆ. ಕಪ್ಪು ಮಾಸಿದ್ದರೆ ಲೆವೆಲ್ಸ್ ತೆರೆದು ಎಡಗಡೆಯ ಕಪ್ಪು ತ್ರಿಕೋನವನ್ನು ಅಲ್ಲಿನ ಹಿಸ್ಟೋಗ್ರಾಮ್ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆ) ಗುಡ್ಡೆ ಶುರುವಾಗುವ ಜಾಗದವರೆಗೆ ಸರಿಸಿದರೆ ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಬಿಳಿ 255ಕ್ಕೆ ಹೋಗಿ ಕೂತಿದ್ದರೆ ಅಲ್ಲಿ ಮೋಡದ ಮಾಹಿತಿಯೇ ಇಲ್ಲ. ಕರಟಿದ ದೋಸೆಗೆ ಎಷ್ಟು ತುಪ್ಪ ಸವರಿದರೂ ಅದು ಕರಟಿದ್ದೇ. ಎಚ್‌ಡಿಆರ್ ಆಫ್ ಮಾಡಿ (ವಿಂಡೋಸ್, ಆಲ್ಟ್, ಬಿ ಒತ್ತಿದರೆ ಆಗುತ್ತದೆ), ಸಿಮ್ಯುಲೇಟರ್ ಮತ್ತೆ ಶುರು ಮಾಡಿ, ಇನ್ನೊಮ್ಮೆ ಹಾರಿ. ಸುಮ್ನೆ ಎಡಿಟರ್ ಜೊತೆ ಗುದ್ದಾಡಬೇಡಿ.

ಇಲ್ಲಿ ಒಂದು ಎಚ್ಚರ ಬೇಕು. ಮಾಸಿದ್ದೆಲ್ಲ ತಪ್ಪಲ್ಲ. ಡಿಸೆಂಬರ್ ಬೆಳಿಗ್ಗೆ ಕಾರವಾರದ ಕಡಲ ದಂಡೆಯಲ್ಲಿ ನಿಂತು ಪೂರ್ವಕ್ಕೆ ನೋಡಿ. ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಹೊಗೆಯ ಬಣ್ಣ. ಸಿಮ್ಯುಲೇಟರುಗಳೂ ಗಾಳಿಯ ಈ ಮಬ್ಬನ್ನು ಲೆಕ್ಕ ಹಾಕಿಯೇ ಬಿಡಿಸುತ್ತವೆ. ದೂರದ ಗುಡ್ಡ ಮಬ್ಬಾಗಿದ್ದು ಹತ್ತಿರದ ರೆಕ್ಕೆಯ ಕೆಳಗಿನ ನೆರಳು ಚೆನ್ನಾಗಿ ಕಪ್ಪಾಗಿದ್ದರೆ ಚಿತ್ರ ಸರಿಯಾಗಿದೆ. ಹತ್ತಿರದ ನೆರಳೂ ಬೂದಿ ಬಣ್ಣ ಆಗಿದ್ದರೆ ಮಾತ್ರ ತಪ್ಪು. ಮಬ್ಬು ತೆಗೆಯುವ ಡಿಹೇಝ್ ಸ್ಲೈಡರನ್ನು ಕೊನೆಯವರೆಗೆ ಎಳೆದು, ಮೂರು ಸಾಲು ಘಟ್ಟವನ್ನು ಒಂದೇ ಗೋಡೆ ಮಾಡಿಟ್ಟ ಚಿತ್ರ ಬೇಕಾದಷ್ಟು ನೋಡಿದ್ದೇನೆ. ನನಗಂತೂ ಅವು ಇಷ್ಟ ಆಗುವುದಿಲ್ಲ.

ಸಂಜೆಯ ಬಣ್ಣಕ್ಕೂ ಇದೇ ಮಾತು. ಬಿಳಿ ವಿಮಾನ ಕಿತ್ತಳೆ ಬಣ್ಣಕ್ಕೆ ತಿರುಗಿದೆ ಅಂತ ಆಟೊ ವೈಟ್ ಬ್ಯಾಲೆನ್ಸ್ ಒತ್ತಿದರೆ ಸಂಜೆ ಮಧ್ಯಾಹ್ನ ಆಗಿಬಿಡುತ್ತದೆ. ಅನುಮಾನ ಇದ್ದವರು ಒಂದು ಸಂಜೆ ಆರು ಗಂಟೆಗೆ ಟ್ಯಾಗೋರ್ ಬೀಚಿಗೆ ಹೋಗಿ. ನೌಕಾಪಡೆ 2017ರಲ್ಲಿ ಸೇವೆಯಿಂದ ಇಳಿಸಿದ ಟುಪೊಲೆವ್ 142 ಮಾದರಿಯ ವಿಮಾನವನ್ನು ಅಲ್ಲಿ ನಿಲ್ಲಿಸಿದ್ದಾರೆ. ಬೂದು ಬಣ್ಣದ ಅದರ ಮೈ ಸೂರ್ಯ ಇಳಿಯುತ್ತಿದ್ದಂತೆ ತಾಮ್ರದ ಹಂಡೆಯಂತೆ ಕಾಣುತ್ತದೆ. ಅದು ತಪ್ಪಲ್ಲ, ಸಂಜೆ.

ಚಿತ್ರ ಪೂರ್ತಿ ಕಪ್ಪು ಬಂದರೆ

ಸಿಮ್ಯುಲೇಟರ್ ಫುಲ್ ಸ್ಕ್ರೀನ್‌ನಲ್ಲಿ ಪರದೆಯನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಾಗ ವಿಂಡೋಸ್‌ನ ಪ್ರಿಂಟ್ ಸ್ಕ್ರೀನ್‌ಗೆ ಕೆಲವೊಮ್ಮೆ ಏನೂ ಸಿಗುವುದಿಲ್ಲ. ವಿಂಡೋ ಮೋಡಿಗೆ ಬದಲಾಯಿಸಿ, ಅಥವಾ ಸಿಮ್ಯುಲೇಟರಿನದೇ ಕೀಲಿ ಬಳಸಿ. ಎಕ್ಸ್-ಪ್ಲೇನ್‌ನಲ್ಲಿ ಶಿಫ್ಟ್ ಮತ್ತು ಸ್ಪೇಸ್, ಫ್ಲೈಟ್‌ಗಿಯರ್‌ನಲ್ಲಿ ಎಫ್3. ಎಡಿಟರಿಗೂ ಇದಕ್ಕೂ ಸಂಬಂಧ ಇಲ್ಲ.

ಆಕಾಶದಲ್ಲಿ ಪಟ್ಟೆ ಪಟ್ಟೆ

ನಮ್ಮ ಕರಾವಳಿಯ ಚಿತ್ರಗಳಿಗೆ ತಪ್ಪದೆ ಬರುವ ಕಾಟ ಇದು. ಕಾರಣ ಸರಳ, ಇಲ್ಲಿ ಸೂರ್ಯ ಕಡಲಿಗೆ ಮುಳುಗುತ್ತಾನೆ, ನಾವೆಲ್ಲ ಅದನ್ನೇ ಹಿಡಿಯುತ್ತೇವೆ. ಕಿತ್ತಳೆಯಿಂದ ನೀಲಿಗೆ ನಿಧಾನ ಸರಿಯಬೇಕಾದ ಆಕಾಶ ಸೀರೆಯ ಅಂಚಿನ ಹಾಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಲೆಕ್ಕ ನೋಡಿ. 8 ಬಿಟ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಸಂಜೆಯ ಆಕಾಶದ ಒಂದು ಭಾಗ ಅದರಲ್ಲಿ ಬರೀ 30 ಮೆಟ್ಟಿಲು ಬಳಸುತ್ತದೆ ಅಂತ ಇಟ್ಟುಕೊಳ್ಳಿ, ಅದು ಚಿತ್ರದಲ್ಲಿ 900 ಪಿಕ್ಸೆಲ್ ಎತ್ತರಕ್ಕೆ ಹರಡಿದೆ. ಒಂದು ಮೆಟ್ಟಿಲಿಗೆ 30 ಪಿಕ್ಸೆಲ್ ಅಗಲದ ಪಟ್ಟೆ. ಪಕ್ಕಪಕ್ಕದ ಪಟ್ಟೆಗಳ ನಡುವೆ ಒಂದೇ ಅಂಕಿಯ ವ್ಯತ್ಯಾಸ ಇರುವ ತನಕ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆಮೇಲೆ ನಾವು ಬಂದು "ಆಕಾಶ ಇನ್ನೂ ಸ್ವಲ್ಪ ಜೋರಾಗಲಿ" ಅಂತ ಕರ್ವ್ಸ್ ಎಳೆಯುತ್ತೇವೆ. ವ್ಯತ್ಯಾಸ ಎರಡಾಗುತ್ತದೆ, ಮೂರಾಗುತ್ತದೆ, ನಡುವೆ ತುಂಬಲು ಹೊಸ ಬಣ್ಣ ಇಲ್ಲದೆ ಪಟ್ಟೆ ಎದ್ದು ನಿಲ್ಲುತ್ತದೆ.

ಯಾರ ತಪ್ಪು ಅಂತ ತಿಳಿಯಲು ಹಿಸ್ಟೋಗ್ರಾಮ್ ತೆರೆಯಿರಿ. ಗುಡ್ಡದಂತೆ ತುಂಬಿಕೊಂಡಿದ್ದರೆ ಸರಿ. ಬಾಚಣಿಗೆಯ ಹಲ್ಲಿನಂತೆ ನಡುನಡುವೆ ಖಾಲಿ ಇದ್ದರೆ ಎಡಿಟಿಂಗ್ ಜಾಸ್ತಿಯಾಗಿದೆ, ತಪ್ಪು ನಿಮ್ಮದೇ. ಗುಡ್ಡ ತುಂಬಿಕೊಂಡಿದ್ದರೂ ಪಟ್ಟೆ ಕಾಣುತ್ತಿದ್ದರೆ ಆ ಫೋನ್ ಪರೀಕ್ಷೆ ಮಾಡಿ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್ ಪರದೆಗಳು ನಿಜಕ್ಕೂ 6 ಬಿಟ್‌ನವು, ಒಂದೊಂದು ಬಣ್ಣಕ್ಕೆ 64 ಮೆಟ್ಟಿಲು ಮಾತ್ರ, ಉಳಿದದ್ದನ್ನು ಹೇಗೋ ಹೊಂದಿಸಿ ತೋರಿಸುತ್ತವೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಮೂಲ ಫೈಲಿನಲ್ಲೂ ಪಟ್ಟೆ ಕಾಣುತ್ತಿತ್ತು, ಫೋನಿನಲ್ಲಿ ಒಂದೂ ಇಲ್ಲ. ಇಲ್ಲದ ಕಾಯಿಲೆಗೆ ಒಂದು ವಾರ ಔಷಧಿ ಕೊಟ್ಟಿದ್ದೆ!

ಎಡಿಟಿಂಗ್‌ನದೇ ತಪ್ಪಾದರೆ ಕೆಟ್ಟ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ಮೂಲಕ್ಕೆ ವಾಪಸ್ ಹೋಗಿ. ಗಿಂಪ್ 2018ರ 2.10 ಆವೃತ್ತಿಯಿಂದ 8 ಬಿಟ್‌ಗಿಂತ ಜಾಸ್ತಿ ನಿಖರತೆಯಲ್ಲಿ ಕೆಲಸ ಮಾಡುತ್ತದೆ. ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 16 ಅಥವಾ 32 ಬಿಟ್ ಆರಿಸಿ, ಆಮೇಲೆ ಎಡಿಟ್ ಶುರು ಮಾಡಿ. ಹೀಗೆ ಮಾಡಿದ್ದಕ್ಕೆ ಚಿತ್ರಕ್ಕೆ ಹೊಸ ಬಣ್ಣ ಬರುವುದಿಲ್ಲ. ಆದರೆ ಲೆವೆಲ್ಸ್, ಕರ್ವ್ಸ್, ಸ್ಯಾಚುರೇಶನ್ ಅಂತ ಒಂದರ ಮೇಲೊಂದು ಮಾಡುವಾಗ ಪ್ರತಿ ಸಲವೂ ಚಿಲ್ಲರೆ ಬಿಟ್ಟುಹೋಗುವುದು ತಪ್ಪುತ್ತದೆ. ಕೊನೆಗೆ 8 ಬಿಟ್‌ಗೆ ಇಳಿಸುವಾಗ ಡಿದರಿಂಗ್ (ಪಟ್ಟೆ ಕಾಣದಂತೆ ಬಣ್ಣದ ಚುಕ್ಕೆಗಳನ್ನು ಬೆರೆಸುವುದು) ಕೇಳುತ್ತದೆ, ಹೂಂ ಅನ್ನಿ.

ಅಷ್ಟಕ್ಕೂ ಪಟ್ಟೆ ಹೋಗದಿದ್ದರೆ ಆಕಾಶಕ್ಕೆ ಮಾತ್ರ ತಾಗುವಂತೆ ಮಾಸ್ಕ್ ಹಾಕಿ ಒಂದು ಚಿಟಿಕೆ ನಾಯ್ಸ್, ಅಂದರೆ ಸಣ್ಣ ಕಾಳು, ಸೇರಿಸಿ. ಚಿಟಿಕೆ ಎಂದರೆ ಚಿಟಿಕೆ, ಅಪ್ಪೆಹುಳಿಗೆ ಇಂಗು ಹಾಕಿದ ಹಾಗೆ. 100 ಪರ್ಸೆಂಟ್‌ನಲ್ಲಿ ನೋಡಿದಾಗ ಕಾಳು ಕಾಳಾಗಿ ಕಾಣುತ್ತಿದ್ದರೆ ಜಾಸ್ತಿಯಾಯಿತು. ಆಮೇಲೆ ಆ ಚಿತ್ರವನ್ನು ಕಡಿಮೆ ಗುಣಮಟ್ಟದ ಜೆಪೆಗ್ ಮಾಡಬೇಡಿ. ಜೆಪೆಗ್ ಮೊದಲು ಬಿಸಾಡುವುದೇ ಇಂಥ ಸಣ್ಣ ಕಾಳನ್ನು, ಪಟ್ಟೆ ವಾಪಸ್ ಬರುತ್ತದೆ.

ಬಾಲದ ಕೆಂಪು ಅಕ್ಷರ ಕದಡಿದೆ

ಇದನ್ನು ನಾನು ಬಹಳ ದಿನ ನೋಡಿಯೇ ಇರಲಿಲ್ಲ. ಒಂದು ದಿನ ಸೆಸ್ನಾದ ಬಾಲವನ್ನು 400 ಪರ್ಸೆಂಟ್‌ಗೆ ಹಿಗ್ಗಿಸಿದೆ. ಬಿಳಿ ಬಾಲದ ಮೇಲೆ ಕೆಂಪು ಅಕ್ಷರ. ಕಪ್ಪು ಗೆರೆಗಳು ಚೂಪಾಗಿವೆ, ಕೆಂಪು ಮಾತ್ರ ಒದ್ದೆ ಬಟ್ಟೆಯ ಬಣ್ಣ ಬಿಟ್ಟಂತೆ ಬಿಳಿಗೆ ಇಳಿದಿದೆ. ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂತೆ ಚುಕ್ಕೆ ಚುಕ್ಕೆ, ಅದೂ ಚೌಕಾಕಾರದ ಡಬ್ಬಿಗಳ ಒಳಗೆ. ಎಣಿಸಿದೆ. ಒಂದು ಡಬ್ಬಿಗೆ ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲ.

ಎಂಟು ಅಂತ ಸಿಕ್ಕಿದರೆ ಕಳ್ಳ ಜೆಪೆಗ್. ಅದು ಚಿತ್ರವನ್ನು 8×8 ಪಿಕ್ಸೆಲ್ ತುಂಡು ಮಾಡಿಯೇ ಹಿಂಡುತ್ತದೆ. ಕೆಂಪು ಕದಡುವುದಕ್ಕೆ ಕಾರಣ ಬೇರೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಬಣ್ಣದ ವ್ಯತ್ಯಾಸ ಅಷ್ಟಿಲ್ಲ. ಹಾಗಾಗಿ ಜಾಗ ಉಳಿಸಲು 4:2:0 ಎಂಬ ಕ್ರಮದಲ್ಲಿ ನಾಲ್ಕು ಪಿಕ್ಸೆಲಿಗೆ ಸೇರಿಸಿ ಒಂದೇ ಬಣ್ಣ ಇಡುತ್ತಾರೆ. ಕಡಲು, ಕಾಡಿಗೆ ಇದರಿಂದ ಏನೂ ಆಗುವುದಿಲ್ಲ. ಬಿಳಿ ಬಾಲದ ಮೇಲಿನ ಸಣ್ಣ ಕೆಂಪು ಅಕ್ಷರಕ್ಕೆ ಆಗುತ್ತದೆ.

ನಾನು ಜೆಪೆಗ್ ಮಾಡಿಯೇ ಇಲ್ಲವಲ್ಲ ಅಂತ ತಲೆ ಕೆರೆದುಕೊಂಡೆ. ಸ್ಟೀಮ್‌ನಲ್ಲಿ ಎಫ್12 ಒತ್ತಿ ಹಿಡಿದ ಚಿತ್ರ ಅದು. ಸ್ಟೀಮ್ ತಾನಾಗಿ ಜೆಪೆಗ್ ಮಾಡಿಯೇ ಇಡುತ್ತದೆ, ಹಿಂಡದ ಪ್ರತಿ ಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಟಿಕ್ ಹಾಕಬೇಕು. ಟಿಕ್ ಹಾಕಿದ ಮೇಲೆ ತೆಗೆದ ಚಿತ್ರದಲ್ಲಿ ಅಕ್ಷರ ಸ್ವಚ್ಛ. ಎಡಿಟ್ ಮುಗಿದ ಮೇಲೆ ಜೆಪೆಗ್ ಮಾಡಲೇಬೇಕು ಅಂತಿದ್ದರೆ ಗಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಗುಣಮಟ್ಟ 90ಕ್ಕಿಂತ ಕೆಳಗೆ ಇಳಿಸಬೇಡಿ, ಅಡ್ವಾನ್ಸ್ಡ್ ಒಳಗಿನ ಸಬ್‌ಸ್ಯಾಂಪ್ಲಿಂಗ್ 4:4:4 ಇಡಿ. ಜೆಪೆಗ್ ತೆರೆದು, ಚೂರು ತಿದ್ದಿ, ಮತ್ತೆ ಜೆಪೆಗ್ ಮಾಡಿ, ನಾಳೆ ಮತ್ತೆ ಅದನ್ನೇ ತೆರೆಯುವ ಅಭ್ಯಾಸ ಬಿಡಿ.

ವಾಟ್ಸಾಪ್ ಕಥೆಯೂ ಇದೇ. ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿ, ಹಿಂಡಿ ಕಳಿಸುತ್ತದೆ. ಎಚ್‌ಡಿ ಆರಿಸಿದರೂ ಹಿಂಡುವುದು ತಪ್ಪುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ.

ಗರಗಸದ ಹಲ್ಲು, ಬಿಳಿ ಅಂಚು

ರೆಕ್ಕೆಯ ಅಂಚು, ಸೇತುವೆಯ ಕಟಕಟೆ, ದೇವಗಡ ದ್ವೀಪದ ದೀಪಸ್ತಂಭ. ಓರೆ ಗೆರೆ ಇದ್ದಲ್ಲೆಲ್ಲ ಗರಗಸದ ಹಲ್ಲು ಕಂಡರೆ ಸಿಮ್ಯುಲೇಟರಿನಲ್ಲಿ ಅಂಚು ನಯ ಮಾಡುವ ಆ್ಯಂಟಿ ಏಲಿಯಾಸಿಂಗ್ ಸೆಟ್ಟಿಂಗ್ ನೋಡಿ. ಎಡಿಟರಿನಲ್ಲಿ ಬ್ಲರ್ ಮಾಡಿ ಹಲ್ಲು ಕೀಳಲು ಹೋದರೆ ಮುಖವೂ ಹೋಗುತ್ತದೆ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ತಡೆದುಕೊಳ್ಳುತ್ತದೆ ಅಂತಾದರೆ ಎರಡು ಪಟ್ಟು ರೆಸಲ್ಯೂಶನ್‌ನಲ್ಲಿ ಹಿಡಿದು ಅರ್ಧಕ್ಕೆ ಇಳಿಸಿ. ನನ್ನ ಯಂತ್ರ ಆಗ ಹಿಟ್ಟಿನ ಗಿರಣಿಯಂತೆ ಕೂಗುತ್ತದೆ, ಚಿತ್ರ ಮಾತ್ರ ಬೆಣ್ಣೆ.

ಬಿಳಿ ಅಂಚು ಪೂರ್ತಿ ನಮ್ಮದೇ ಪಾಪ. ಘಟ್ಟದ ನೆತ್ತಿಯ ಉದ್ದಕ್ಕೂ, ಆಕಾಶ ಸೇರುವಲ್ಲಿ, ಸೀಮೆಸುಣ್ಣದಿಂದ ಎಳೆದಂತೆ ಗೆರೆ ಕಂಡರೆ ಶಾರ್ಪನ್ ಜಾಸ್ತಿಯಾಗಿದೆ. ರೇಡಿಯಸ್ 3 ಇದ್ದರೆ 1ಕ್ಕಿಂತ ಕೆಳಗೆ ತನ್ನಿ. ಮೊದಲು ಚಿತ್ರದ ಗಾತ್ರ ಇಳಿಸಿ, ಶಾರ್ಪನ್ ಕಟ್ಟಕಡೆಗೆ. ಉಲ್ಟಾ ಮಾಡಿದ್ದಕ್ಕೇ ನನ್ನ ಹಳೇ ಚಿತ್ರಗಳಲ್ಲಿ ಗುಡ್ಡಗಳಿಗೆಲ್ಲ ಜನಿವಾರ ಇದೆ.

ಕಡಲು ವಾಲಿದೆ

ಗಿಂಪ್‌ನ ಮೆಷರ್ ಟೂಲ್ ತೆಗೆದು ದಿಗಂತದ ಮೇಲೆ ಗೆರೆ ಎಳೆದು ಸ್ಟ್ರೇಟನ್ ಒತ್ತಿದರೆ ನೆಟ್ಟಗಾಗುತ್ತದೆ. ಒಂದೇ ಸಲ ತಿರುಗಿಸಿ. ಸ್ವಲ್ಪ ಬಲಕ್ಕೆ, ಅಯ್ಯೋ ಜಾಸ್ತಿಯಾಯ್ತು, ಸ್ವಲ್ಪ ಎಡಕ್ಕೆ ಅಂತ ಆಡಿದರೆ ಪ್ರತಿ ಸಲವೂ ಚಿತ್ರ ಮೆತ್ತಗಾಗುತ್ತದೆ. ಕಾರವಾರದಲ್ಲಿ ಒಂದು ಮೋಸ ಇದೆ. ಕೊಲ್ಲಿಯ ದಂಡೆ ಬಿಲ್ಲಿನಂತೆ ಬಾಗಿದೆ, ಮೇಲಿನಿಂದ ನೋಡಿದರೆ ಓರೆ ಕಾಣುವುದೇ ಸಹಜ. ದಂಡೆಯನ್ನು ಅಳತೆಗೆ ಹಿಡಿದರೆ ಇಡೀ ಅರಬ್ಬೀ ಸಮುದ್ರ ಗೋವಾ ಕಡೆ ಚೆಲ್ಲುತ್ತದೆ. ಪಶ್ಚಿಮಕ್ಕೆ ಆಕಾಶ ಮತ್ತು ನೀರು ಸೇರುವ ಗೆರೆಯನ್ನೇ ಹಿಡಿಯಿರಿ. ಕಾಕ್‌ಪಿಟ್ ಒಳಗಿನ ಚಿತ್ರವಾಗಿದ್ದು ವಿಮಾನ ತಿರುವು ತೆಗೆದುಕೊಳ್ಳುತ್ತಿದ್ದರೆ ಮುಟ್ಟಲೇಬೇಡಿ, ದಿಗಂತ ವಾಲಲೇಬೇಕು.

ನೆಲದ್ದೋ, ಚಿತ್ರದ್ದೋ

ಗುಡ್ಡದ ಮೇಲೆ ನೇರವಾದ ಗೆರೆ, ಒಂದು ಕಡೆ ಹಚ್ಚಹಸಿರು, ಇನ್ನೊಂದು ಕಡೆ ಕಂದು. ನಾನು ಇದನ್ನೂ ಎಡಿಟಿಂಗ್ ತಪ್ಪು ಅಂದುಕೊಂಡಿದ್ದೆ. ಸಿಮ್ಯುಲೇಟರಿನಲ್ಲಿ ಕ್ಯಾಮೆರಾ ಸ್ವಲ್ಪ ತಿರುಗಿಸಿ ನೋಡಿ. ಗೆರೆ ನೆಲಕ್ಕೆ ಅಂಟಿಕೊಂಡು ನೆಲದ ಜೊತೆಗೇ ಸರಿದರೆ ಅದು ಉಪಗ್ರಹ ಚಿತ್ರದ ಹೊಲಿಗೆ, ಮಳೆ ಮುಗಿದ ಮೇಲೆ ತೆಗೆದದ್ದೂ ಬೇಸಿಗೆಯಲ್ಲಿ ತೆಗೆದದ್ದೂ ಅಲ್ಲಿ ಕೂಡಿವೆ. ಬೇರೆ ಕೋನದಿಂದ ಹಿಡಿಯಿರಿ. ಹೀಲ್ ಟೂಲ್‌ನಿಂದ ಮುಚ್ಚಬಹುದು, ಆದರೆ ಗುಡ್ಡದ ತುಂಬ ಒಂದೇ ಮರ ಹತ್ತು ಸಲ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ.

ಕಾಳಿ ಸೇತುವೆಯದು ಇನ್ನೊಂದು ಬಗೆ. ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ನನ್ನ ಸಿಮ್ಯುಲೇಟರಿನಲ್ಲಿ ಅದು ಈಗಲೂ ಗಟ್ಟಿಯಾಗಿ ನಿಂತಿದೆ. ಅಳಿಸಲು ಕ್ಲೋನ್ ಟೂಲ್ ಕೈಗೆ ತೆಗೆದುಕೊಂಡೆ, ಎರಡು ಕಂಬ ಅಳಿಸಿದೆ, ಆಮೇಲೆ ಯಾಕೋ ಮನಸ್ಸಾಗದೆ ಬಿಟ್ಟೆ. ಚಿತ್ರದಲ್ಲಾದರೂ ಇರಲಿ.

ಎಚ್‌ಡಿಆರ್ ಆಫ್ ಮಾಡಿ, ಮತ್ತೆ ದಾಬೋಳಿಯಿಂದ ಹಾರಿ ಬಂದು ಹಿಡಿದ ಚಿತ್ರವನ್ನು ಭಾವನಿಗೆ ಡಾಕ್ಯುಮೆಂಟ್ ಆಗಿ ಕಳಿಸಿದೆ. ಜೊತೆಗೆ ಶಿರಸಿಯಲ್ಲಿ ಅವನ ತೋಟದ ಮೇಲೆ ಹಾರಿ ತೆಗೆದ ಒಂದನ್ನೂ. ಕಾರವಾರದ್ದು ಚೆನ್ನಾಗಿದೆ ಎಂದ. ತೋಟದ ಚಿತ್ರವನ್ನು ಬಹಳ ಹೊತ್ತು ಹಿಗ್ಗಿಸಿ ನೋಡಿರಬೇಕು, ಅರ್ಧ ಗಂಟೆ ಬಿಟ್ಟು ಫೋನ್ ಬಂತು. "ಎಲ್ಲ ಸರಿ ಇದ್ದು, ನನ್ನ ಅಡಿಕೆ ಮರ ಎಲ್ಲ ಮಾವಿನ ಮರ ಆಯ್ದಲಾ?"

ಸಿಮ್ಯುಲೇಟರ್ ಹಸಿರು ಕಂಡಲ್ಲೆಲ್ಲ ತನ್ನ ಹತ್ತಿರ ಇರುವ ಮರ ನೆಡುತ್ತದೆ, ಭಾವ. ಅದಕ್ಕೆ ಗಿಂಪ್‌ನಲ್ಲಿ ಮದ್ದಿಲ್ಲ.